ಕೆರಾಡಿಯ ಓರಗಿತ್ತಿ

ಅಪ್ಪಯ್ಯ ತೀರಿಕೊಂಡ ದಿನ ಮಳೆ ಬರುತ್ತಿತ್ತು ಎಂದು ನನ್ನ ನೆನಪು. ಒಣ ಬಿಸಿಲಿತ್ತು ಎಂದು ಅಬ್ಬಿ, ನನ್ನ ತಾಯಿ, ಹೇಳುತ್ತಾಳೆ. ಅವಳದೇ ಸರಿಯಿರಬಹುದು. ಬೈಂದೂರಿನ ಆ ಮನೆಯ ಕಂಬದ ಪಕ್ಕ ಅವಳು ನಿಂತೇ ಇದ್ದಳು ಎಂಬುದರಲ್ಲಿ ಮಾತ್ರ ನಮ್ಮಿಬ್ಬರಿಗೂ ತಕರಾರಿಲ್ಲ.

ಅದು ಅಪ್ಪಯ್ಯನ ತಾಯಿಮನೆ. ನಮ್ಮದು ಅಳಿಯಕಟ್ಟು: ಮದುವೆಯಾದರೂ ಹೆಣ್ಣು ಹುಟ್ಟಿದ ಮನೆಯವಳೇ, ಗಂಡ ಬಂದುಹೋಗುವವನು. ಬಾರ್ಕೂರಿನ ನಮ್ಮ ಮನೆಗೆ ಅಪ್ಪಯ್ಯ ಹಾಗೆಯೇ ಬಂದುಹೋಗುತ್ತಿದ್ದರು. ಸತ್ತಾಗ ಅವರನ್ನು ಅಕ್ಕತಂಗಿಯರ ಮನೆಗೇ ಒಯ್ದರು. ಅಲ್ಲಿ ಎಲ್ಲಿ ಕೂರಬೇಕೆಂದು ಅಬ್ಬಿಗೆ ತಿಳಿಯಲಿಲ್ಲ. ಆಗ ಕೆರಾಡಿಯಿಂದ ದೊಡ್ಡಮ್ಮ ಬಂದರು. ಅಪ್ಪಯ್ಯನ ಅಣ್ಣನ ಹೆಂಡತಿ. ಗಂಡನನ್ನು ಎಂದೋ ಕಳೆದುಕೊಂಡು ತಮ್ಮ ತಾಯಿಮನೆಯಲ್ಲಿದ್ದವರು. ಅಬ್ಬಿಯ ಕೈ ಹಿಡಿದು ಚಾಪೆಯ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡರು.

“ಕೂಕೋ ಹೆಣೆ. ಈ ಮನಿಗೆ ನಾವಿಬ್ರೂ ನೆಂಟ್ರೇ.”

ಮುಂದೆ ನಾನು ವಿಶ್ವವಿದ್ಯಾಲಯದಲ್ಲಿ ಭಾಷಾಶಾಸ್ತ್ರ ಓದುವಾಗ ಮೇಷ್ಟ್ರು ಹಲಗೆಯ ಮೇಲೆ ಮೂಲ ಸ್ಲಾವಿಕ್ ಭಾಷೆಯ ಒಂದು ಪದ ಬರೆದರು: ‘ಯೆಂತ್ರಿ’. ಗಂಡನ ಸೋದರನ ಹೆಂಡತಿ, ನಮ್ಮ ಓರಗಿತ್ತಿ. ಸಂಸ್ಕೃತದ ‘ಯಾತೃ’ ಅದರ ದೂರದ ಒಡಹುಟ್ಟು. ಪದದ ಮುಂದೆ ಒಂದು ನಕ್ಷತ್ರ. ಅದನ್ನು ಯಾರೂ ಬರೆದಿಟ್ಟಿಲ್ಲ, ಈಗ ಉಳಿದಿರುವ ಭಾಷೆಗಳನ್ನು ಹೋಲಿಸಿ ಕಟ್ಟಿಕೊಂಡದ್ದು ಎಂಬುದರ ಗುರುತು. ನಾನು ಮೇಲೆ ಬರೆದ ಮಳೆಗೂ ಅಂಥದೊಂದು ಗುರುತು ಹಾಕಬೇಕೇನೋ.

ಮೊದಲು ಆ ಪದ ತಾಯಿ, ಮಗಳು ಎಂಬ ಪದಗಳಂತೆಯೇ ವಿಭಕ್ತಿ ರೂಪ ಪಡೆಯುತ್ತಿತ್ತಂತೆ. ಆಮೇಲೆ ಆ ಸಾಲು ಬಿಟ್ಟು ಅತ್ತೆ ಎಂಬ ಪದದ ಸಾಲಿಗೆ ಸೇರಿತು. ‘ಓರಗಿತ್ತಿಯ’ ಎನ್ನಲು ‘ಯೆಂತ್ರುವೆ’ ಎಂದಾಯಿತು. ಒಂದೇ ಅತ್ತೆಯ ಕೈಕೆಳಗೆ, ಒಂದೇ ಒಲೆಯ ಮುಂದೆ ಬದುಕಿದ ಸೊಸೆಯರ ಪದ ಎಂದರು ಮೇಷ್ಟ್ರು. ನನಗೆ ಆ ಚಾಪೆ ನೆನಪಾಯಿತು. ಅಬ್ಬಿ, ದೊಡ್ಡಮ್ಮ ಒಂದು ದಿನವೂ ಒಂದೇ ಒಲೆಯಲ್ಲಿ ಬೇಯಿಸಿದವರಲ್ಲ.

ಆ ಬೇಸಿಗೆ ರಜೆಗೆ ಊರಿಗೆ ಹೋದಾಗ ಅಬ್ಬಿ ಒಣಮೀನನ್ನು ಹಾಳೆಯಲ್ಲಿ ಕಟ್ಟುತ್ತಿದ್ದಳು. ಅಪ್ಪಯ್ಯ ಇರುವಾಗ ಅಂಥ ಕಟ್ಟು ಅವರ ಕೈಯಲ್ಲಿ ಕೆರಾಡಿಗೆ ಹೋಗುತ್ತಿತ್ತು, ಅಲ್ಲಿಂದ ಜೇನು ಬರುತ್ತಿತ್ತು. ದೊಡ್ಡಮ್ಮನಿಗೆ ಹುಷಾರಿಲ್ಲವೆಂದು ಬಸ್ಸಿನಲ್ಲಿ ಯಾರೋ ಹೇಳಿದ್ದರಂತೆ. ಒಮ್ಮೆ ಕಾಣಬೇಕೆಂಬ ಆಸೆ ಅವಳಿಗೆ. ನಾಳೆಯೇ ಹೋಗೋಣ ಎಂದೆ.

ಅಬ್ಬಿ ಹಗ್ಗವನ್ನು ಕೈಯಲ್ಲೇ ಹಿಡಿದು ಕೂತಳು. “ಅವ್ರ್ ಮನಿಗೆ ನಾನ್ ಎಂತ ಅಂದ್ಕಂಡ್ ಹೋಪುದ್?”

ಗಂಡಂದಿರ ಮೂಲಕ ಬಂದ ನಂಟು, ಇಬ್ಬರು ಗಂಡಂದಿರೂ ಇಲ್ಲ. ಕಟ್ಟು ಆಮೇಲೆ ನಮ್ಮ ಅಡುಗೆಮನೆಯ ಅಟ್ಟಕ್ಕೇ ಹೋಯಿತು. ಅದಕ್ಕೂ ಮುಂಚೆ ನಾನು ಒಂದು ಮಾತು ಕೇಳಿದ್ದೆ.

“ಅವತ್ತ್ ಅವ್ರ್ ನಿನ್ ಕೈ ಹಿಡ್ದ್ ಕೂರ್ಸ್ಕಂಡದ್ದ್ ಎಂತ ಅಂದ್ಕಂಡ್, ಅಬ್ಬಿ?”