ಅಧ್ಯಕ್ಷರಿಲ್ಲದ ಗುಂಪಿಗೆ ಸಿಕ್ಕ ಅಧ್ಯಕ್ಷರು

ಬ್ಯಾಡಗಿಯ ವಿರೂಪಾಕ್ಷಪ್ಪನವರು ಹುಟ್ಟುವಾಗಲೇ ಅಧ್ಯಕ್ಷರಾಗಿದ್ದರೋ ಇಲ್ಲವೋ ಹೇಳಲು ಈಗ ಸಾಕ್ಷಿ ಯಾರೂ ಉಳಿದಿಲ್ಲ. ದಾಖಲೆ ಸಿಗುವುದು ಏಳನೇ ಇಯತ್ತೆಯಿಂದ. ಆ ವರ್ಷ ಶಾಲೆಯ ಕುಡಿಯುವ ನೀರಿನ ಸಮಿತಿಗೆ ಅವರು ಅಧ್ಯಕ್ಷರಾದರು. ಒಂದು ಕೊಡ ನೀರನ್ನೂ ಹೊರಲಿಲ್ಲ, ಆದರೆ ಯಾರು ಯಾವ ದಿನ ಹೊರಬೇಕೆಂಬ ಪಟ್ಟಿಯನ್ನು ಎರಡು ಬಣ್ಣದ ಶಾಯಿಯಲ್ಲಿ ಬರೆದು ಗೋಡೆಗೆ ಅಂಟಿಸಿದರು. ಮಾಸ್ತರರು ಮೆಚ್ಚಿ ಬೆನ್ನು ತಟ್ಟಿದರು. ಅಲ್ಲಿಗೆ ಹುಡುಗ ಕೆಟ್ಟ.

ಮುಂದೆ ಹಾವೇರಿಯ ಒಂದು ಕಚೇರಿಯಲ್ಲಿ ಕಾರಕೂನರಾಗಿ ಸೇರಿ, ಮೂವತ್ತನಾಲ್ಕು ವರ್ಷ ಬೆಳಗಿನ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬಂದು, ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾದರು. ಅದು 2004ನೇ ಇಸವಿ. ಅಷ್ಟರಲ್ಲಿ ಅವರ ಕೊರಳಿಗೆ ನೌಕರರ ಸಂಘ, ಬಡಾವಣೆಯ ಸಮಿತಿ ಬಿದ್ದಿದ್ದವು, ನಿವೃತ್ತಿಯ ಮರುದಿನ ಪಿಂಚಣಿದಾರರ ನಗೆಕೂಟವೂ ಬಿತ್ತು. ನಗೆಕೂಟದಲ್ಲಿ ಅಧ್ಯಕ್ಷರು ಗಂಟಲು ಸರಿಪಡಿಸಿಕೊಂಡು ಅಪ್ಪಣೆ ಕೊಡುವವರೆಗೆ ಯಾರೂ ನಗುವಂತಿರಲಿಲ್ಲ. ಕೊಟ್ಟ ಮೇಲೆ ಯಾರಿಗೂ ನಗು ಬರುತ್ತಿರಲಿಲ್ಲ.

ಹವ್ಯಾಸವೆಂದು ಏನಾದರೂ ಇದ್ದದ್ದು ಅವರ ಹೆಂಡತಿ ನೀಲಗಂಗವ್ವನಿಗೆ. ಆಕೆ ಮೇಡ್ಲೇರಿಯವಳು. ಹಿತ್ತಲಲ್ಲಿ ಒಡೆದ ಕೊಡ, ತೂತು ಬಿದ್ದ ಬಕೀಟು, ಹಳೆ ಎಣ್ಣೆ ಡಬ್ಬಿ, ಏನು ಸಿಕ್ಕರೂ ಮಣ್ಣು ತುಂಬಿ ಮೆಣಸಿನ ಗಿಡ ಹಚ್ಚುತ್ತಿದ್ದಳು. ದೇಶವೇ ಮೆಣಸಿನಕಾಯಿಗೆ ಬ್ಯಾಡಗಿಗೆ ಬರುವಾಗ ಈಕೆ ಬಕೀಟಿನಲ್ಲಿ ಬೆಳೆಯುವುದು ಗಂಡನಿಗೆ ನಗೆಪಾಟಲು. ಆದರೆ ಆಕೆಯ ಗಿಡ ಪೇಟೆಯ ಗಿಡವಲ್ಲ. ಅವಳ ತಾಯಿ ಹೊಳಿಯವ್ವ ವರ್ಷ ವರ್ಷ ಕಾಯಿ ಆರಿಸಿ, ಬೀಜ ಕಟ್ಟಿಟ್ಟು ಉಳಿಸಿಕೊಂಡು ಬಂದ ತಳಿ ಅದು. ತಾಯಿ ತೀರಿದ ಮೇಲೆ ತವರಿನ ಹೊಲಕ್ಕೆ ಅಂಗಡಿಯ ಬೀಜ ಬಂತು. ಅರಿವೆಯ ಗಂಟಿನಲ್ಲಿ ಉಳಿದಿದ್ದ ಒಂದು ಹಿಡಿ ಹಳೆಯ ಬೀಜವನ್ನು ನೀಲಗಂಗವ್ವ ತಂದು, ಇನ್ನೂ ಇಟ್ಟರೆ ಮೊಳೆಯಲಿಕ್ಕಿಲ್ಲವೆಂದು ಆ ಮುಂಗಾರಿಗೆ ಅಷ್ಟನ್ನೂ ಹಾಕಿದಳು. ಎದ್ದದ್ದು ಮೂರೇ ಗಿಡ. ಅವು ಹೋದರೆ ಆ ತಳಿ ಭೂಮಿಯ ಮೇಲೆ ಬೇರೆಲ್ಲೂ ಇರಲಿಲ್ಲ.

ಹೂ ಬಿಡುವ ಹೊತ್ತಿಗೆ ಎರಡು ಗಿಡಗಳ ಎಲೆ ಸುರುಳಿಗಟ್ಟಿ ಮುಟುರತೊಡಗಿದವು. ಮೂರನೆಯದು ನೆಟ್ಟಗಿತ್ತು. ಕೀಳಬೇಕೋ ಇಡಬೇಕೋ ಆಕೆಗೆ ತಿಳಿಯದಾಯಿತು. ಔಷಧದ ಅಂಗಡಿಯವನು ಬಾಟಲಿ ಕೊಟ್ಟ, ಓಣಿಯವರು ತಲೆಗೊಂದು ಮಾತು ಕೊಟ್ಟರು. ಅದೇ ವಾರ ಬಸ್‌ಸ್ಟ್ಯಾಂಡ್ ಎದುರಿನ ಝೆರಾಕ್ಸ್ ಅಂಗಡಿಯ ರುದ್ರಮುನಿ, ತಾನು ಹೊಸದಾಗಿ ಇಟ್ಟ ಎರಡು ಕಂಪ್ಯೂಟರುಗಳಲ್ಲಿ ಜಗತ್ತೇ ಇದೆಯೆಂದು ಆಕೆಗೆ ಹೇಳಿದ್ದ.

"ಏನ್ರಿ, ಕುಂಡದಾಗ ಮೆಣಸಿನಗಿಡ ಬೆಳ್ಯೋರದ ಒಂದ ಗುಂಪ ಐತಂತ ಆ ಕಂಪ್ಯೂಟರಿನಾಗ. ಯಾವ್ಯಾವ ದೇಶದವರೋ ಏನೋ, ಒಬ್ಬರಿಗೊಬ್ಬರು ಹೇಳಿ ಕೇಳಿ ಮಾಡ್ತಾರಂತ. ನಿಮಗ ಇಂಗ್ಲಿಷ್ ಬರತೈತಿ. ಎರಡು ಕೀಳೂದಾ, ಇಡೂದಾ, ಅಷ್ಟ ಕೇಳಿ ಬರ್ರಿ," ಎಂದಳು ಗಂಡನಿಗೆ.

ಗುಂಪು ಎಂಬ ಪದ ಕಿವಿಗೆ ಬಿದ್ದದ್ದೇ ತಡ, ವಿರೂಪಾಕ್ಷಪ್ಪನವರು ಇಸ್ತ್ರಿ ಅಂಗಿ ಹಾಕಿಕೊಂಡರು.

ರುದ್ರಮುನಿ ಪರದೆ ತೋರಿಸಿದ. ಅವರು ಮೊದಲು ಕೇಳಿದ್ದು ಗಿಡದ ವಿಚಾರವಲ್ಲ. "ಇದರ ಅಧ್ಯಕ್ಷರು ಯಾರು?"

"ಅಧ್ಯಕ್ಷರು ಇಲ್ಲರಿ ಸಾಹೇಬ್ರ."

"ಮತ್ತ ಕಾರ್ಯದರ್ಶಿ?"

"ಯಾರೂ ಇಲ್ಲರಿ. ಇದಕ್ಕ ಮಾಲಕನೂ ಇಲ್ಲ, ಆಫೀಸೂ ಇಲ್ಲ. ಊರೂರಾಗಿನ ಕಂಪ್ಯೂಟರ್‌ಗೋಳು ತಾವ ತಾವ ಪತ್ರ ದಾಟಸ್ತಾವ. ಒಂದ ಬಂದ್ ಬಿದ್ರ ಇನ್ನೊಂದರಾಗ ಇರ್ತಾವ. ಬಂದವರು ಬರೀತಾರ, ಬಲ್ಲವರು ಹೇಳ್ತಾರ."

"ಮ್ಯಾಲೆ ಒಬ್ಬಾವ ಇಲ್ಲದ ಇದು ನಡೀತೈತಿ?"

"ಹತ್ತಿಪ್ಪತ್ತ ವರ್ಷ ಆತಂತರಿ, ನಡದೈತಿ."

ಇಂಥ ಅನಾಹುತ ವಿರೂಪಾಕ್ಷಪ್ಪನವರು ಕಂಡಿರಲಿಲ್ಲ. ಹುಡುಗನಿಗೆ ಗೊತ್ತಿಲ್ಲ, ಇರಲೇಬೇಕು ಎಂದು ತೀರ್ಮಾನಿಸಿ ಅರ್ಜಿ ಬರೆದರು. ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ಮಾನ್ಯ ಅಧ್ಯಕ್ಷರ ಅವಗಾಹನೆಗೆ ತರಬಯಸುವುದೇನೆಂದರೆ, ಎಂದು ಶುರುವಾದ ಇಂಗ್ಲಿಷು ಒಂದೂವರೆ ಪುಟ ಹರಿಯಿತು. ತಮ್ಮ ಸೇವಾವಧಿ, ತಾವು ಅಲಂಕರಿಸಿದ ಹುದ್ದೆಗಳು, ಬ್ಯಾಡಗಿಯ ಹಿರಿಮೆ ಎಲ್ಲ ಮುಗಿದ ಮೇಲೆ ಕೊನೆಯ ಸಾಲಿನಲ್ಲಿ, ಬೇರೆಲ್ಲೂ ಇಲ್ಲದ ತಳಿಯ ಮೂರು ಗಿಡಗಳೂ ಅವುಗಳ ರೋಗವೂ ಬಂದವು.

ಎರಡನೆಯ ದಿನವೇ ಏಳು ಉತ್ತರ ಬಂದಿದ್ದವು. ಮೊದಲನೆಯದು "ಹಾಯ್ ವಿರು" ಎಂದು ಆರಂಭವಾಗುತ್ತಿತ್ತು. ಹಾವೇರಿಯಲ್ಲಿ ಹೀಗೆ ಕರೆದಿದ್ದರೆ ಆ ಮನುಷ್ಯನ ಕಡತ ಮುಂದಿನ ಮೂರು ವರ್ಷ ಕಪಾಟಿನಿಂದ ಹೊರಬರುತ್ತಿರಲಿಲ್ಲ. ನಾಲ್ಕನೆಯವರು ಹೆಸರನ್ನೇ ಹಾಕಿರಲಿಲ್ಲ, ಕೆಸರುಗೈ ಎಂಬ ಅರ್ಥದ ಒಂದು ಇಂಗ್ಲಿಷ್ ಪದ ಹಾಕಿಕೊಂಡಿದ್ದರು. ಆದರೆ ಬರೆದದ್ದು ಉದ್ದಕ್ಕಿತ್ತು. ಮುಟುರಿದ ಎರಡನ್ನು ಇಂದೇ ಬೇರುಸಹಿತ ಕಿತ್ತು ದೂರ ಹೂಳಿರಿ, ಅವು ಬದುಕುವುದಿಲ್ಲ, ಅವುಗಳ ಮೇಲಿನ ಹುಳ ಮೂರನೆಯದಕ್ಕೆ ದಾಟುತ್ತದೆ. ಮೂರನೆಯದನ್ನು ಬೇರೆ ಕಡೆ ಇಟ್ಟು ತೆಳ್ಳನೆಯ ಅರಿವೆ ಮುಚ್ಚಿರಿ. ತಡಮಾಡಬೇಡಿ.

ರುದ್ರಮುನಿ ಖುಷಿಯಿಂದ, "ಇದ ನೋಡ್ರಿ ಸಾಹೇಬ್ರ, ಬರೋಬ್ಬರಿ ಹೇಳ್ಯಾರ. ಅಕ್ಕಾರಿಗೆ ಪ್ರಿಂಟ್ ತಗದ ಕೊಡ್ಲೇನು?" ಎಂದ.

"ಹುದ್ದೆ ಇಲ್ಲ, ಹೆಸರಿಲ್ಲ, ಊರಿಲ್ಲ. ನಾಳೆ ಗಿಡ ಸತ್ರ ಯಾರನ್ನ ಹಿಡೀತಿ? ಅಧ್ಯಕ್ಷರ ಉತ್ತರ ಬರಲಿ," ಎಂದರು ವಿರೂಪಾಕ್ಷಪ್ಪನವರು. ಕೀಳು ಎನ್ನುವ ಮಾತು ಅಷ್ಟು ದೊಡ್ಡದು, ಅದು ಮೇಲಿನಿಂದ ಸಹಿಯಾಗಿ ಬರಬೇಕೆಂಬುದು ಅವರ ಪ್ರಾಮಾಣಿಕ ನಂಬಿಕೆ. ಮೂವತ್ತನಾಲ್ಕು ವರ್ಷ ಒಂದು ಒಣಗಿದ ಮರವನ್ನೂ ಅವರು ಸಹಿಯಿಲ್ಲದೆ ಕಡಿಸಿದವರಲ್ಲ.

ಮನೆಯಲ್ಲಿ ನೀಲಗಂಗವ್ವ ಬಾಗಿಲಲ್ಲೇ ಕೇಳಿದಳು. "ಬಂತೇನ್ರಿ ಉತ್ತರ?"

"ಬರತೈತಿ ತಡಿ. ದೊಡ್ಡ ಸಂಸ್ಥೆ ಅದು. ಮ್ಯಾಲಿಂದ ಬರಬೇಕು."

ಮರುದಿನ ಅವರು ಖಡಾಖಂಡಿತವಾಗಿ ಬರೆದರು: ಅಧ್ಯಕ್ಷರು ಯಾರೆಂದು ತಿಳಿಸತಕ್ಕದ್ದು. ಯಾರೋ ಪುಣ್ಯಾತ್ಮ, ಇಲ್ಲಿ ಅಂಥವರಿಲ್ಲ, ಬೇಕಾದರೆ ನೀನೇ ಆಗು ಎಂದು ಉತ್ತರಿಸಿ ಕೊನೆಗೆ ಎರಡು ಚುಕ್ಕಿ, ಒಂದು ಕಂಸ ಹಾಕಿದ್ದ. ಅದು ನಗುವ ಮುಖವೆಂದು ರುದ್ರಮುನಿ ಹೇಳಿದ. ಸರ್ವಾನುಮತ ಎಂದು ವಿರೂಪಾಕ್ಷಪ್ಪನವರು ತಿಳಿದರು.

ಮುಂದಿನ ಎರಡು ವಾರ ಅವರಿಗೆ ಉಸಿರಾಡಲು ಪುರಸೊತ್ತಿರಲಿಲ್ಲ. ರಾಣೆಬೆನ್ನೂರಿಗೆ ಹೋಗಿ, ಅಂತಾರಾಷ್ಟ್ರೀಯ ಮೆಣಸಿನಕಾಯಿ ಬಳಗದ ಅಧ್ಯಕ್ಷರು ಎಂದು ಚಿನ್ನದ ಅಕ್ಷರದ ಕಾರ್ಡು ಅಚ್ಚು ಹಾಕಿಸಿದರು, ದುಂಡನೆಯ ರಬ್ಬರ್ ಸ್ಟ್ಯಾಂಪು ಮಾಡಿಸಿದರು. ಕಂಪ್ಯೂಟರಿಗೆ ಸ್ಟ್ಯಾಂಪು ಹೇಗೆ ಹೊಡೆಯುವುದೆಂದು ರುದ್ರಮುನಿಯನ್ನು ಗಂಭೀರವಾಗಿ ಕೇಳಿದರು. ಹಾವೇರಿಯಲ್ಲಿ ನಿವೃತ್ತ ನೌಕರರು ಸಭೆ ಕರೆದು ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟರು. ಹದಿನಾಲ್ಕು ದೇಶಗಳು ನನ್ನ ಕೈಕೆಳಗಿವೆ ಎಂದು ಅಧ್ಯಕ್ಷರು ಭಾಷಣ ಮಾಡಿದರು. ಎದೆ ಎಷ್ಟು ಉಬ್ಬಿತ್ತೆಂದರೆ ಶಾಲು ಮುಂದೆ ಕೂಡಲಿಲ್ಲ.

ಹದಿನಾಲ್ಕು ದೇಶಗಳಿಗೆ ಮಾತ್ರ ಸುದ್ದಿಯೇ ಇರಲಿಲ್ಲ. ಅಧ್ಯಕ್ಷರ ಒಂದನೇ ಸುತ್ತೋಲೆ ಹೊರಟಿತು: ಇನ್ನು ಮುಂದೆ ಸಲಹೆ ನೀಡುವವರು ಪೂರ್ಣ ಹೆಸರು, ವಿದ್ಯಾರ್ಹತೆ, ಊರು ನಮೂದಿಸತಕ್ಕದ್ದು. ಅದರ ಕೆಳಗೆ ಜನ ಎಂದಿನಂತೆ ಸಗಣಿ ಗೊಬ್ಬರ ಎಷ್ಟು ಹಳೆಯದಿರಬೇಕೆಂದು ಮಾತಾಡಿಕೊಂಡರು. ಸುತ್ತೋಲೆಗೆ ಇಂಥ ಮರ್ಯಾದೆ ಹಾವೇರಿಯಲ್ಲೂ ಸಿಕ್ಕಿರಲಿಲ್ಲ.

ಕೆಸರುಗೈ ಒಬ್ಬರೇ ಇನ್ನೊಮ್ಮೆ ಬರೆದಿದ್ದರು. ಕಿತ್ತಿರಾ? ಮೂರನೆಯದು ಹೇಗಿದೆ? ಅದರಲ್ಲಿ ಒಂದೇ ಒಂದು ಕಾಯಿ ಹಣ್ಣಾದರೂ ನನಗೆ ಹತ್ತು ಬೀಜ ಅಂಚೆಯಲ್ಲಿ ಕಳಿಸಿ. ಬೆಳೆದು ಇನ್ನಿಬ್ಬರಿಗೆ ಕೊಡುತ್ತೇನೆ. ನಿಮ್ಮಲ್ಲಿ ಹೋದರೂ ಇನ್ನೆಲ್ಲಾದರೂ ಉಳಿದಿರುತ್ತದೆ.

ತಮ್ಮ ಮನವಿಯನ್ನು ಸ್ವೀಕರಿಸಲಾಗಿದೆ, ಸಮಿತಿಯ ಮುಂದೆ ಮಂಡಿಸಲಾಗುವುದು, ಎಂದು ಅಧ್ಯಕ್ಷರು ಉತ್ತರಿಸಿದರು.

ಹಿತ್ತಲಲ್ಲಿ ನೀಲಗಂಗವ್ವ ಬೇವಿನ ಎಣ್ಣೆ ಕಲಸಿದ ನೀರಿನಲ್ಲಿ ಒಂದೊಂದೇ ಎಲೆ ಒರೆಸುತ್ತಿದ್ದಳು. ಇರುವ ಮೂರರಲ್ಲಿ ಎರಡನ್ನು ತನ್ನ ಕೈಯಿಂದ ಕೀಳಲು ಆಕೆಗೆ ಮನಸ್ಸು ಬರಲಿಲ್ಲ. ಬಲ್ಲವರು ಒಬ್ಬರು ಕೀಳು ಎಂದಿದ್ದರೆ ಕೀಳುತ್ತಿದ್ದಳು. ದಿನಾ ಕೇಳುತ್ತಿದ್ದಳು, ದಿನಾ ಮ್ಯಾಲಿಂದ ಬರಬೇಕಾಗಿತ್ತು. ಒಂದು ಬೆಳಿಗ್ಗೆ ನೆಟ್ಟಗಿದ್ದ ಗಿಡದ ಚಿಗುರೂ ಮುಟುರಿತು. ಹೂವು ಉದುರಿದವು. ಕಟ್ಟಿದ ಎರಡು ಹೀಚುಕಾಯಿ ಬೀಜ ಕೂಡುವ ಮೊದಲೇ ಕಪ್ಪಾಗಿ ಬಿದ್ದವು. ಆಕೆ ಅವನ್ನು ಬಿಡಿಸಿ ನೋಡಿದಳು, ಒಳಗೆ ಏನೂ ಇರಲಿಲ್ಲ.

ಮಧ್ಯಾಹ್ನ ಸೆರಗು ಹೊದ್ದುಕೊಂಡು ರುದ್ರಮುನಿಯ ಅಂಗಡಿಗೆ ಆಕೆಯೇ ಹೊರಟಳು. ವಿರೂಪಾಕ್ಷಪ್ಪನವರು, "ನಾನೂ ಬರ್ತೇನಿ, ನಿನಗ ಅಲ್ಲಿ ತಿಳಿಯೂದಿಲ್ಲ," ಎಂದು ಹಿಂದೆಯೇ ಬಂದರು.

"ತಮ್ಮಾ, ನಮ್ಮ ಗಿಡದ ಬಗ್ಗೆ ಮ್ಯಾಲಿನವರು ಏನರೆ ಬರದಾರೇನು?"

ರುದ್ರಮುನಿ ಅಧ್ಯಕ್ಷರ ಮುಖ ನೋಡಿದ. ಆಮೇಲೆ ಆಕೆಯ ಮುಖ ನೋಡಿದ. "ಮ್ಯಾಲಿನವರು ಅಂತ ಇಲ್ಲರಿ ಅಕ್ಕಾರ. ಎರಡನೇ ದಿನಾನ ಉತ್ತರ ಬಂದಿತ್ತು," ಎಂದು ಕೆಸರುಗೈಯ ಎರಡೂ ಪತ್ರ ಕನ್ನಡಕ್ಕೆ ಮಾಡಿ ಓದಿದ. ಹತ್ತು ಬೀಜ ಕೇಳಿದ್ದಕ್ಕೆ ಏನು ಉತ್ತರ ಹೋಗಿದೆ, ಅದನ್ನೂ ಓದು ಎಂದಳು. ಓದಿದ.

"ಸಮಿತಿ ಅಂದ್ರ ಯಾರ್‍ಯಾರ್ರಿ?" ಎಂದು ನೀಲಗಂಗವ್ವ ಗಂಡನನ್ನು ಕೇಳಿದಳು.

ವಿರೂಪಾಕ್ಷಪ್ಪನವರು ಜೇಬಿನ ಕಾರ್ಡುಗಳ ಮೇಲೆ ಕೈಯಿಟ್ಟುಕೊಂಡು ನಿಂತರು. ಸಭೆಯಲ್ಲಿ ಎಂಥ ಪ್ರಶ್ನೆ ಬಂದರೂ ಮುಂದಿನ ಸಭೆಗೆ ಹಾಕಿ ಪಾರಾದ ಮನುಷ್ಯನಿಗೆ ಅಂದು ಹಾಕಲು ಮುಂದಿನ ಸಭೆಯಿರಲಿಲ್ಲ. ಅವರಿಗೆ ನಾಚಿಕೆಯಾಯಿತು, ನಿಜವಾಗಿಯೂ ಆಯಿತು. ಆದರೆ ಆದದ್ದು ತಡವಾಗಿ.

"ಇದರಾಗ ಸೇರಾಕ ಏನ ಮಾಡಬೇಕು ತಮ್ಮಾ?"

"ಏನಿಲ್ಲರಿ. ಒಂದ ಹೆಸರ ಹಾಕಿ ಬರದ್ರ ಆತು."

ಆಕೆ ಕುರ್ಚಿಯಲ್ಲಿ ಕೂತಳು. "ನೀಲಗಂಗವ್ವ ಅಂತ ಹಾಕು. ಮುಂದ ಬರಿ. ಅವ್ವಾರ, ಅಪ್ಪಾರ, ನೀವು ಯಾರೋ ಗೊತ್ತಿಲ್ಲ, ಖರೇ ಹೇಳಿದ್ರಿ. ಮೂರೂ ಗಿಡ ಹೋದ್ವು. ಬೀಜ ಒಂದೂ ಇಲ್ಲ. ನಿಮ್ಮದೇನೂ ತಪ್ಪಿಲ್ಲ. ನಾನ ಬಂದು ಕೇಳಬೇಕಾಗಿತ್ತು. ಬ್ಯಾರೆಯವರ ಕೈಯಾಗ ಕೊಟ್ಟೆ."

ರುದ್ರಮುನಿ ಕೈ ತಡೆದು, "ಅಕ್ಕಾರ, ಕಡೀ ಮಾತೂ ಹಾಕ್ಲೇನ್ರಿ?" ಎಂದ.

"ಎಲ್ಲಾ ಹಾಕು."

ಅವನು ಅದನ್ನು ಇಂಗ್ಲಿಷಿಗೆ ತಿರುಗಿಸಿ ಟೈಪು ಮಾಡತೊಡಗಿದ. ವಿರೂಪಾಕ್ಷಪ್ಪನವರು ಆಕೆಯ ಕುರ್ಚಿಯ ಹಿಂದೆ ನಿಂತು, ಪರದೆಯ ಮೇಲೆ ಬೀಳುತ್ತಿದ್ದ ಒಂದೊಂದು ಅಕ್ಷರವನ್ನೂ ಕೊನೆಯವರೆಗೆ ಓದಿದರು. ಇಂಗ್ಲಿಷು ಅವರಿಗೆ ಚೆನ್ನಾಗಿಯೇ ಬರುತ್ತಿತ್ತು.