ಮಣ್ಣಿನ ಮುಖದ ಬಿರುಕು

ಇಂಥದ್ದನ್ನೆಲ್ಲ ನಾನು ನಂಬುವವನಲ್ಲ. ಗ್ರಹಣದಲ್ಲಿ ಬಸುರಿ ಹೊರಗೆ ಬಂದರೆ ಮಗುವಿನ ತುಟಿ ಸೀಳುತ್ತದೆ ಎನ್ನುವವರನ್ನು ತರಗತಿಯಲ್ಲೇ ಗೇಲಿ ಮಾಡಿದ್ದೇನೆ. ಹುಣಸೂರಿನ ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳುವವನು ಇನ್ನೇನು ಮಾಡಿಯಾನು? ಆದರೂ ಕೆಲವು ವರ್ಷಗಳ ಹಿಂದೆ ನಡೆದದ್ದನ್ನು ನಡೆದಂತೆ ಹೇಳುತ್ತೇನೆ, ನಗುವವರು ನಗಲಿ.

ಹೊಟ್ಟೆಯೊಳಗೆ ಮುಖ ಒಂದೇ ಸಲಕ್ಕೆ ಮೂಡುವುದಿಲ್ಲ. ಹಣೆಯ ಕಡೆಯಿಂದ ಒಂದು ಭಾಗ ಕೆಳಗಿಳಿಯುತ್ತದೆ, ಕೆನ್ನೆಗಳು ಎರಡು ಬದಿಯಿಂದ ಬರುತ್ತವೆ, ಮೂಗಿನ ಕೆಳಗೆ ಎಲ್ಲವೂ ಕೂಡಿಕೊಂಡು ಮೇಲ್ದುಟಿಯಾಗುತ್ತದೆ. ಕೂಡದೆ ಉಳಿದರೆ ಅದೇ ಸೀಳುತುಟಿ. ನಾನೂ ಹಾಗೆ ಹುಟ್ಟಿದವನು. ಚಿಕ್ಕಂದಿನಲ್ಲಿ ಹೊಲಿಸಿದ ಗುರುತು ಎಡಗಡೆ ಮೀಸೆಯ ಕೆಳಗಿದೆ. ಮನೆಯವರನ್ನು ಬಿಟ್ಟರೆ ಯಾರಿಗೂ ಗೊತ್ತಿಲ್ಲ.

ಆ ವರ್ಷ ಮಗಳು ಬಸುರಿ. ಸ್ಕ್ಯಾನಿಂಗ್ ಮಾಡಿಸಿದಾಗ ಮಗು ಬಾಯಿಗೆ ಕೈ ಅಡ್ಡ ಹಿಡಿದಿತ್ತು, ತುಟಿ ಕಾಣಲಿಲ್ಲ. ಇದು ವಂಶದಲ್ಲಿ ಬರಬಹುದು ಎಂದು ಓದಿಕೊಂಡಿದ್ದ ನನಗೆ ಊಟ ಸೇರದಾಯಿತು.

ಅದೇ ಹೊತ್ತಿಗೆ ಪಾಠಕ್ಕೆಂದು ಭ್ರೂಣದ ಮುಖವೊಂದನ್ನು ಮಣ್ಣಿನಲ್ಲಿ ಮಾಡಿಸಿದೆ. ಮಾಡಿದವನು ಕೆ.ಆರ್. ನಗರದಲ್ಲಿ ಗಣಪತಿ ಮಾಡುವ ಪುಟ್ಟಸ್ವಾಮಿ, ನನ್ನ ಹಳೆಯ ವಿದ್ಯಾರ್ಥಿ. ಕಣ್ಣು ಮಾತ್ರ ತೆರೆದಿರಲಿಲ್ಲ.

"ದೇವ್ರಲ್ದೇ ಇರೋದ್ಕೆ ಕಣ್ಣು ಬುಡ್ಸಾಕಿಲ್ಲ ಸಾ" ಎಂದ.

ಆ ಹಂತದಲ್ಲಿ ರೆಪ್ಪೆ ಮುಚ್ಚಿಯೇ ಇರುತ್ತದೆ, ಹೇಗೂ ಸರಿಹೋಯಿತು. ಆದರೆ ಒಣಗಿದ ಮೇಲೆ ತರಲು ಹೋದರೆ ಅದು ಬಿರುಕು ಬಿಟ್ಟಿತ್ತು. ಎಡ ಹೊಳ್ಳೆಯಿಂದ ತುಟಿಯ ತನಕ, ನೆಟ್ಟಗೆ.

"ಒಂದೇ ಮುದ್ದೇಲಿ ಮಾಡಿದ್ದು ಕಣ್ ಸಾ, ಅಲ್ಲಿ ಅಂಟ್ಸೇ ಇಲ್ಲ. ಅದ್ಯಾಕೆ ಅಲ್ಲೇ ಬುಡ್ತೋ" ಎಂದು ಪುಟ್ಟಸ್ವಾಮಿ ತಲೆ ಕೆರೆದುಕೊಂಡ. ನನ್ನ ಕೈ ತಾನಾಗಿ ಮೀಸೆಗೆ ಹೋಯಿತು.

ಇನ್ನೊಂದು ಮಾಡಿಕೊಟ್ಟ. ಅದು ಒಣಗಿ ಕಲ್ಲಿನಂತಾದರೂ ಒಂದು ಗೆರೆ ಬೀಳಲಿಲ್ಲ. ಮನೆಯ ಪುಸ್ತಕದ ಕಪಾಟಿನಲ್ಲಿಟ್ಟೆ. ದಿನಾ ಬೆಳಿಗ್ಗೆ ಎದ್ದು ಅದರ ತುಟಿ ನೋಡುವುದು ಅಭ್ಯಾಸವಾಯಿತು. ಹೆಂಡತಿಗೆ ಹೇಳಲು ನಾಚಿಕೆ.

ತಿಂಗಳುಗಳು ಕಳೆದು ಮಗಳಿಗೆ ಒಂದು ಮಧ್ಯಾಹ್ನ ಹೆರಿಗೆಯಾಯಿತು. ನರ್ಸ್ ತಂದು ತೋರಿಸಿದ ಹೆಣ್ಣುಮಗುವಿನ ತುಟಿ ಎಲ್ಲೂ ಊನವಿಲ್ಲದೆ ಕೂಡಿತ್ತು. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಆಮೇಲೆ ಫ್ಲಾಸ್ಕಿನಲ್ಲಿ ಬಿಸಿನೀರು ತರಲು ಮನೆಗೆ ಹೋಗಿ ಬೀಗ ತೆಗೆದೆ. ಬೆಳಿಗ್ಗೆಯಿಂದ ಒಳಗೆ ಯಾರೂ ಇರಲಿಲ್ಲ.

ಕಪಾಟಿನ ಮುಖ ಇದ್ದಲ್ಲೇ ಇತ್ತು. ಎಡ ಹೊಳ್ಳೆಯಿಂದ ತುಟಿಯ ತನಕ ಬಿರಿದಿತ್ತು. ಬೆಳಿಗ್ಗೆ ನೋಡಿದಾಗ ಗೆರೆಯೂ ಇರಲಿಲ್ಲ. ನೀರು ಕಾಯಿಸುವುದನ್ನೇ ಮರೆತು ಖಾಲಿ ಫ್ಲಾಸ್ಕ್ ಹಿಡಿದು ವಾಪಸ್ಸು ಬಂದೆ.

ನಾಮಕರಣಕ್ಕೆ ಬಂದ ಪುಟ್ಟಸ್ವಾಮಿ ಅದನ್ನು ತಿರುಗಿಸಿ ನೋಡಿದ. "ಇಷ್ಟ್ ದಿನ ಒಣಗಿದ್ ಮಣ್ಣು ಇಂಗೆ ಬಿರಿಯಾಕಿಲ್ಲ ಸಾ. ಓಗ್ಲಿ ಬುಡಿ, ವಸಿ ಮಣ್ಣು ಮೆತ್ತಿ ಸರಿ ಮಾಡ್ಕೊಡ್ತೀನಿ."

ಅವನ ಕೈಯಿಂದ ಅದನ್ನು ಕಿತ್ತುಕೊಂಡೆ. ಅಷ್ಟು ಒರಟಾಗಿ ಯಾಕೆ ನಡೆದುಕೊಂಡೆನೋ, ಅವನಿಗೂ ಬೇಜಾರಾಗಿರಬೇಕು.

ಬಿಸಿಲು, ಗಾಳಿ, ರಸ್ತೆಯ ಲಾರಿಗಳ ಅದುರು ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಯಾವುದೂ ಸಮಾಧಾನ ಕೊಟ್ಟಿಲ್ಲ. ಮೊಮ್ಮಗಳು ಈಗ ಬಾಯಿ ತುಂಬ ಮಾತಾಡುತ್ತಾಳೆ, ನಗುತ್ತಾಳೆ. ಆ ಬಿರುಕನ್ನು ಮುಚ್ಚಲು ಮಾತ್ರ ನಾನು ಇವತ್ತಿಗೂ ಯಾರನ್ನೂ ಬಿಟ್ಟಿಲ್ಲ.