ಒಂದೇ ಬೆಂಚಿನ ರಾಮಕ್ಕ

ರಾಮಕ್ಕನನ್ನು ಮಾಲು ನೋಡಿದಂತೆ ನೋಡಿದರೆ ಹೀಗೆ: ಎತ್ತರ ಕಡಿಮೆ, ದನಿ ಜಾಸ್ತಿ, ಚೌಕಾಸಿಗೆ ಬಗ್ಗದ ಆಸಾಮಿ. ಹೆಬ್ಬಗೋಡಿಯಲ್ಲಿ ಕುರ್ಚಿ ಮಾರುವ ನಾನು ಯಾರ ಮುಖವನ್ನೂ ಮೊದಲು ನೋಡುವವನಲ್ಲ, ಸೊಂಟ ನೋಡುವವನು. ಆಕೆಯದು ಸವೆದ ಸೊಂಟ.

ಎಲೆಕ್ಟ್ರಾನಿಕ್ ಸಿಟಿಯ ಸಣ್ಣ ಕಾರ್ಖಾನೆಯೊಂದರಲ್ಲಿ ರಾಮಕ್ಕ ಮತ್ತು ಆಕೆಯ ಗೆಳತಿ ವೇಣಿ ಸರ್ಕ್ಯೂಟ್ ಬೋರ್ಡುಗಳಿಗೆ ಬೆಸುಗೆ ಹಾಕುವವರು. ಒರಗಲು ಏನೂ ಇಲ್ಲದ ಒಂದೇ ಬೆಂಚು. ಸುಸ್ತಾದಾಗ ಒಬ್ಬರ ಭುಜಕ್ಕೆ ಒಬ್ಬರು ಒರಗಿ ವರ್ಷಗಳನ್ನೇ ಕಳೆದಿದ್ದರು.

೨೦೧೧ರಲ್ಲಿ, ಕೆಲಸಗಾರರು ಕೂರುವ ರೀತಿ ಪರೀಕ್ಷಿಸಲು ಸಮನ್ವಿತಾ ಎಂಬ ತಜ್ಞೆ ಬಂದರು. ಮಾದರಿ ಕುರ್ಚಿ ಹೊತ್ತು ನಾನೂ ಹಿಂದೆ ಹೋದೆ. ಹೆಂಗಸರೋ, ನೋವಿರುವವರನ್ನು ಮನೆಗೆ ಕಳಿಸುತ್ತಾರೆಂದು ಹೆದರಿ, ಮಲ್ಲಿಗೆ ಮುಡಿದು, ಹೆಣ್ಣು ನೋಡಲು ಬಂದವರೆದುರು ಕೂತಂತೆ ನೆಟ್ಟಗೆ ಕೂತಿದ್ದರು.

“ಎಲ್ಲರೂ ಚೆನ್ನಾಗೇ ಕೂತಿದೀರಲ್ಲ!” ಎಂದರು ಮೇಡಂ. ನನ್ನ ವ್ಯಾಪಾರ ಅಲ್ಲಿಗೆ ಮುಗಿಯಿತು ಅಂದುಕೊಂಡೆ.

“ದಿನಾ ಇಂಗೆ ಕೂರಲ್ಲ ಮೇಡಂ,” ಎಂದಳು ರಾಮಕ್ಕ. “ನೀವು ಬಂದೀರಾ ಅಂತ ಕೂತಿರೋದು. ಈ ವೇಣಿಗೆ ಕತ್ತು ತಿರುಗ್ಸಾಕೇ ಆಗಲ್ಲ.”

ವೇಣಿ ಆಕೆಯ ತೊಡೆ ಚಿವುಟಿದಳು. “ಸುಮ್ಕಿರಕ್ಕಾ, ಕೆಲ್ಸ ಹೋಯ್ತದೆ!”

“ಹೋದ್ರೆ ಇಬ್ರೂ ಒಟ್ಗೇ ಹೋಗಾನ, ಬಾ.”

ಕೆಲಸ ಯಾರದೂ ಹೋಗಲಿಲ್ಲ. ಬೆಂಚು ಹೋಯಿತು. ಎಲ್ಲರಿಗೂ ನನ್ನ ಅಂಗಡಿಯ ಕುರ್ಚಿ ಬಂತು. ಎತ್ತರದವರಿಗೆ ಎತ್ತರದ ಮೇಜು ಬೇಕೆಂದು ಮೇಡಂ ಹೇಳಿದ್ದರು. ಆ ಮೇಜುಗಳಿಗೆ ಜಾಗ ಸಿಕ್ಕಿದ್ದು ಮಹಡಿಯ ಮೇಲೆ. ವೇಣಿ ಉದ್ದನೆಯ ಹೆಂಗಸು, ಮೇಲೆ ಹೋದಳು. ಇಬ್ಬರ ಊಟದ ಹೊತ್ತೂ ಬೇರೆಯಾಯಿತು.

ಕೆಲವು ತಿಂಗಳಾದ ಮೇಲೆ ಕುರ್ಚಿಗಳ ಗಾಲಿ ನೋಡಲು ಹೋಗಿದ್ದೆ.

“ಹೇಗಿದೆ ರಾಮಕ್ಕ, ನಮ್ಮ ಮಾಲು?”

“ಸಕ್ಕತ್ತಾಗೈತೆ ಅಣ್ಣ. ಬೆನ್ನು ನೋವೇ ಇಲ್ಲ.”

“ವೇಣಿ?”

“ಅವಳ ಕತ್ತು ಈಗ ಸಲೀಸಾಗಿ ತಿರುಗ್ತದಂತೆ. ತಿರುಗಿದ್ರೆ ಕಾಣಾಕೆ ನಾನೇ ಇಲ್ಲ.” ನಕ್ಕಳು. ಆಮೇಲೆ ದನಿ ತಗ್ಗಿಸಿ ಕೇಳಿದಳು: “ಅಣ್ಣ, ಈ ಕಡೆ ಹ್ಯಾಂಡ್ಲು ಬಿಚ್ಚಿಕೊಡ್ತೀರಾ?”

“ಯಾಕಮ್ಮ, ಕೈ ಇಡೋಕೆ ಬೇಡ್ವಾ?”

“ಮರೆತು ಈ ಕಡೆ ವಾಲಿಬಿಡ್ತೀನಿ. ಗಟ್ಟಿ ಪ್ಲಾಸ್ಟಿಕ್ಕು ತಾಗ್ತದೆ. ಅವಳಿಲ್ಲ ಅಂತ ಆವಾಗ ಗ್ಯಾಪಕ ಆಯ್ತದೆ.”

ಬಿಚ್ಚಿಕೊಟ್ಟೆ.

ಆ ಕುರ್ಚಿಗಳನ್ನು ನೋಡಿಯೇ ಅತ್ತಿಬೆಲೆಯ ಕಾರ್ಖಾನೆಗಳವರೂ ನನ್ನ ಅಂಗಡಿಗೆ ಬಂದರು. ಅಂದು ಆಕೆ ಬಾಯಿ ಬಿಡದಿದ್ದರೆ ಮಾದರಿ ಕುರ್ಚಿ ಹೊತ್ತು ವಾಪಸು ಬರುತ್ತಿದ್ದೆ. ನನ್ನ ಈ ವ್ಯಾಪಾರಕ್ಕೆ ನಾನು ರಾಮಕ್ಕನಿಗೆ ಋಣಿ.